ಹಸುವಿಗೊಂದು ಚೌಕ

ನಮ್ಮ ರಾಮಮೂರ್ತಿ ನಗರದ ಗೇಟುಗಳಲ್ಲಿ ತೂಗುವ 'ಮನೆ ಬಾಡಿಗೆಗಿದೆ' ಎಂಬ ಫಲಕವನ್ನು ನೀವೂ ನೋಡಿರುತ್ತೀರಿ. ಅದನ್ನು ನೇತುಹಾಕಿದ ಮರುಕ್ಷಣವೇ ಎಂಥ ಸಾಧು ಮನುಷ್ಯನಿಗೂ ನ್ಯಾಯಾಧೀಶನ ಗತ್ತು ಬಂದುಬಿಡುತ್ತದೆ. ಬಂದವರನ್ನು ನಿಲ್ಲಿಸಿಕೊಂಡು 'ಏನು ಕೆಲಸ?' ಎಂದು ವಿಚಾರಿಸುವ ಸುಖವನ್ನು, ಮೂವತ್ತು ವರ್ಷ ಮೇಲಧಿಕಾರಿಗಳೆದುರು ಕೈಕಟ್ಟಿ ನಿಂತು ನಿವೃತ್ತನಾದ ನಾನು ಕಳೆದ ತಿಂಗಳು ಮನಸಾರೆ ಅನುಭವಿಸಿದೆ.

ಮೊದಲೆಲ್ಲ ಉತ್ತರಗಳು ಸಲೀಸಾಗಿದ್ದವು: ಮೇಷ್ಟ್ರು, ಡ್ರೈವರ್, ಬ್ಯಾಂಕು. ಈಗಿನ ಉದ್ಯೋಗಗಳು ನನ್ನ ನಿಘಂಟಿನಲ್ಲೇ ಇಲ್ಲ. ಒಬ್ಬ ತಾನು ಉಣ್ಣುವುದನ್ನು ವಿಡಿಯೊ ಮಾಡಿ ಹಾಕಿ ಅದರಿಂದಲೇ ಹೊಟ್ಟೆ ಹೊರೆಯುತ್ತಾನಂತೆ; ಇನ್ನೊಬ್ಬ ಯಾರೋ ನಟನ ಹೆಸರಿನಲ್ಲಿ ದಿನವೂ ಅಭಿಮಾನಿಗಳಿಗೆ ಶುಭೋದಯ ಹೇಳುತ್ತಾನಂತೆ. ಇಬ್ಬರನ್ನೂ ಸವಿನಯವಾಗಿ ಸಾಗಹಾಕಿದೆ.

ಮೂರನೆಯವಳು ಹಲಸೂರಿನ ಸೆಲ್ವಿ. ಅವಳೂ ತಾಯಿಯೂ ಬಾಡಿಗೆಗಿದ್ದ ಹಳೆಯ ಮನೆಯನ್ನು ಮಾಲೀಕರು ಕೆಡವುವವರಿದ್ದರು; ತಿಂಗಳು ಮುಗಿಯುವುದರೊಳಗೆ ಮಂಡಿನೋವಿನ ತಾಯಿಗಾಗಿ ಮೆಟ್ಟಿಲಿಲ್ಲದ ಮನೆಯೊಂದು ಬೇಕೇ ಬೇಕಿತ್ತು. ನಾನು ಎಂದಿನ ಪ್ರಶ್ನೆ ಎಸೆದೆ.

"ಹಸುಗೆ ಚೌಕ ಹಾಕ್ತೀನಿ ಸಾರ್" ಎಂದಳು.

ಚಾಲಕನಿಲ್ಲದೆ ಓಡುವ ಕಾರಿಗೆ ಹಸು ಯಾವುದು, ಆಟೊ ಯಾವುದು ಎಂದು ತಿಳಿಯಬೇಡವೆ? ಅದಕ್ಕಾಗಿ ಕಂಪ್ಯೂಟರಿನಲ್ಲಿ ಬರುವ ರಸ್ತೆಯ ಚಿತ್ರಗಳಲ್ಲಿ ಒಂದೊಂದರ ಸುತ್ತಲೂ ಚೌಕ ಎಳೆದು ಹೆಸರು ಬರೆಯುವುದು ಅವಳ ವೃತ್ತಿ. ಕೆಲಸ ಕಲಿಯುವಾಗ ಕೊಟ್ಟಿದ್ದ ಚಿತ್ರವೊಂದನ್ನು ಫೋನಿನಲ್ಲಿ ತೋರಿಸಿದಳು. ಥೇಟ್ ನಮ್ಮ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಸಂಜೆಯ ಟ್ರಾಫಿಕ್ಕು. ನ್ಯಾಯಾಧೀಶನ ಪೀಠ ಮರೆತು ನಾನೂ ಆಟೊ ಎಣಿಸತೊಡಗಿದೆ. ಕಾಫಿ ತಂದ ನನ್ನ ಹೆಂಡತಿ ಇಣುಕಿ, "ಬಸ್ ಹಿಂದೆ ಇರೋದು ಹಸು ಅಲ್ಲ ರೀ, ಎಮ್ಮೆ" ಎಂದು ತೀರ್ಪಿತ್ತಳು. ಅವಳ ಮಾತೇ ಸರಿಯಾಗಿತ್ತು.

ಆದರೂ ಗತ್ತು ಬಿಡಬೇಕಲ್ಲ. "ಇದೂ ಒಂದು ಕೆಲಸವೇನಮ್ಮಾ? ಆ ಚೌಕ ಆಮೇಲೆ ಎಲ್ಲಿಗೆ ಹೋಗುತ್ತೆ?" ಎಂದೆ.

"ಗೊತ್ತಿಲ್ಲ ಸಾರ್. ನೀವೇನ್ ಕೆಲ್ಸ ಮಾಡ್ತಿದ್ರಿ?"

ಟಪಾಲು ಶಾಖೆಯಲ್ಲಿದ್ದೆ, ಬಂದ ಕಾಗದಗಳಿಗೆಲ್ಲ ಮೊಹರು ಒತ್ತಿ ನಂಬರು ಬರೆಯುತ್ತಿದ್ದೆ ಎಂದು ಗಂಭೀರವಾಗಿ ತಿಳಿಸಿದೆ.

"ಆಮೇಲೆ ಎಲ್ಲಿಗ್ ಹೋಗೋವು ಸಾರ್?"

ಅವಳು ಕೇಳಿದ್ದು ಶುದ್ಧ ಕುತೂಹಲದಿಂದ; ನನಗೆ ಚುಚ್ಚಿದ್ದೂ ಅದೇ. ಮೂವತ್ತು ವರ್ಷದಲ್ಲಿ ಒಮ್ಮೆಯೂ ನಾನದನ್ನು ವಿಚಾರಿಸಿರಲಿಲ್ಲ. ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ನಾಚಿಕೆಯಾಯಿತು, ವಿಚಿತ್ರವಾದೊಂದು ಸಮಾಧಾನವೂ ಆಯಿತು.

ಎದ್ದುಹೋಗಿ ಗೇಟಿನ ಫಲಕ ಬಿಚ್ಚತೊಡಗಿದೆ. ನನ್ನ ಬೆನ್ನ ಹಿಂದೆ ಸೆಲ್ವಿ ತಾಯಿಗೆ ಫೋನ್ ಮಾಡಿ ತಮಿಳಿನಲ್ಲಿ ಹೇಳುತ್ತಿದ್ದುದು ನನಗೂ ಅರ್ಥವಾಯಿತು: ಮನೆ ಸಿಕ್ಕಿತು, ಓನರ್ ಕೂಡ ನಮ್ಮ ಲೈನಿನವರೇ.