ಜಡ್ಜ್ ಸಾಹೇಬರ ಆಣೆ ತಟ್ಟೆ

ತೊಂಬತ್ತರ ದಶಕದ ಮಾತು. ನಮ್ಮ ಜಡ್ಜ್ ಸಾಹೇಬರು ರಿಟೈರಾಗಿ ಎಲೆಕ್ಷನ್ನಿಗೆ ನಿಂತಾಗ ನಾನೂ ಅವರ ಜೀಪು ಹತ್ತಿದೆ. ಕೆ.ಆರ್.ಪೇಟೆ ಕೋರ್ಟಿನಲ್ಲಿ ಅವರ ಮುಂದೆ ಸಾಕ್ಷಿಗಳಿಂದ ಪ್ರಮಾಣ ಮಾಡಿಸುತ್ತಿದ್ದ ಗುಮಾಸ್ತ ನಾನು. ಸಾಹೇಬರೋ, ಕಕ್ಷಿದಾರರ ಮನೆಯ ಮದುವೆ ಊಟವನ್ನೂ ಮುಟ್ಟದವರು.

ಗೋವಿಂದನಹಳ್ಳಿ ಕಡೆಯ ಒಂದು ಊರಲ್ಲಿ ಸಾಹೇಬರು ಜೀಪಿಳಿದವರೇ ತಟ್ಟೆಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ದೇವರ ಫೋಟೊ ಇಟ್ಟು ನನ್ನ ಕೈಗೆ ಕೊಟ್ಟರು. "ಮನೆಮನೆಗೂ ಹೋಗಿ ಇದನ್ನ ಮುಟ್ಟಿಸಪ್ಪ. ವೋಟು ನಮಗೇ ಅಂತ ಆಣೆ ಮಾಡ್ಸು."

ಬಲವಂತದ ಹೇಳಿಕೆ ಅಂತ ಪೊಲೀಸರ ಎಷ್ಟೋ ಕೇಸು ವಜಾ ಮಾಡಿದ ಮನುಷ್ಯ ಇವರೇನಾ?

ಮೊದಲ ಮನೆಯ ಅಜ್ಜಿ ತಟ್ಟೆ ಮುಟ್ಟದೆ ಸಾಹೇಬರನ್ನೇ ನೋಡಿತು. "ಸ್ವಾಮಿ, ನಮ್ಮ ಜಮೀನು ಕೇಸಲ್ಲಿ ದ್ಯಾವ್ರ ಮ್ಯಾಲೆ ಆಣೆ ಮಾಡಿ ಯೋಳ್ದೆ. ನೀವು ನಂಬ್ನಿಲ್ಲ. ಇವತ್ತು ನಂಬ್ತೀರಾ?"

"ಅವತ್ತು ಎದುರು ಪಾರ್ಟಿಯವರೂ ಆಣೆ ಮಾಡಿದ್ರಲ್ಲಮ್ಮ" ಅಂದರು ಸಾಹೇಬರು.

"ಇವತ್ತೂ ಅಂಗೇಯ. ಆ ಪಾರ್ಟಿಯೋರು ಬೆಳಿಗ್ಗೇನೆ ಬಂದು ಆಣೆ ಮಾಡಿಸ್ಕಂಡು ಓದ್ರು."

ಸಾಹೇಬರು ತಲೆ ತಗ್ಗಿಸುತ್ತಾರೆ ಅಂದುಕೊಂಡೆ. ಅವರು ಬೆಂಚಿನ ಮೇಲಿದ್ದಾಗಿನ ಅದೇ ದನಿಯಲ್ಲಿ, "ಆಮೇಲಿನ ಆಣೆ ಬಂದ್ರೆ ಮೊದಲನೇದು ರದ್ದು. ಮುಟ್ಸಪ್ಪ" ಅಂದುಬಿಟ್ಟರು. ನಾನು ತಟ್ಟೆ ಅಜ್ಜಿಯ ಮುಂದೆ ಹಿಡಿದೆ.

"ಓಹೋ, ಅಂಗಾ" ಅಂದ ಅಜ್ಜಿ ನೆಮ್ಮದಿಯಾಗಿ ಕಾಯಿ ಮುಟ್ಟಿತು.

ಸಂಜೆ ಆ ಊರಿಗೆ ಮೂರನೇ ಪಾರ್ಟಿಯವರು ತಮ್ಮ ತಟ್ಟೆ ಹಿಡಿದು ಹೋಗಿದ್ದರಂತೆ. ಸಾಹೇಬರು ಸೋತರು. ಅವರ ತೀರ್ಪನ್ನು ಜನ ಅಷ್ಟು ಚಾಚೂತಪ್ಪದೆ ಪಾಲಿಸಿದ್ದು ಅದೊಂದೇ ಸಲ.