ಮಂಗಳವಾರದ ಸೈನಿಕ

ಲಂಡನ್ನಿನಲ್ಲಿ ನೆಪಗಳಿಗೆ ಬರವಿಲ್ಲ. ನೆಲದಡಿಯ ಟ್ಯೂಬ್ ರೈಲು ಕೆಟ್ಟಿತು ಎಂದರೆ ಮುಗಿಯಿತು, ಕೇಳಿದವರೂ ಕನಿಕರದಿಂದ ತಲೆಯಾಡಿಸುತ್ತಾರೆ. ಆದರೆ ಎಷ್ಟು ಕೆಟ್ಟ ಟ್ಯೂಬೂ ಸಂಜೆಯೊಳಗೆ ಸರಿಹೋಗಿಬಿಡುತ್ತದೆ. ವಾರವಾರವೂ ಬಾಳಿಕೆ ಬರುವ ನೆಪ ಬೇಕಿದ್ದರೆ ಸೈನ್ಯ ಸೇರಬೇಕು. ನಾನು ಸೇರಿದೆ.

ಗಾಬರಿಯಾಗಬೇಡಿ. ನಾನು ಹಿಡಿದದ್ದು ಬಂದೂಕಲ್ಲ, ಟ್ರಂಪೆಟ್. ಅಕ್ಸ್‌ಬ್ರಿಡ್ಜಿನ ಗೋದಾಮೊಂದರಲ್ಲಿ ಪೆಟ್ಟಿಗೆ ಎತ್ತುವ ನಾನು, ಮಂಗಳವಾರ ಸಂಜೆ ಮತ್ತು ಕೆಲವು ಶನಿವಾರಗಳಂದು ರಾಣಿಯ ಅರೆಕಾಲಿಕ ಸೈನ್ಯದ ವಾದ್ಯಗಾರ. ಉಡುಪಿಯ ಕಡೆ ನಮ್ಮ ಅಪ್ಪನದು ಮದುವೆಗೂ ಶವಯಾತ್ರೆಗೂ ಹೋಗುವ ಬ್ಯಾಂಡ್ ಸೆಟ್. ಏಳನೆಯ ಕ್ಲಾಸಿಗೇ ಶಾಲೆಗೆ ಕೈಮುಗಿದು ನಾನು ಅದರಲ್ಲಿ ಊದತೊಡಗಿದ್ದೆ. ದಿಬ್ಬಣದ ಬ್ಯಾಂಡಿನವನು ಆಗಾಗ ಹಿಂದೆ ತಿರುಗಿ ನೋಡಬೇಕು. ಮದುಮಗಳು ಹಿಂದೆ ಉಳಿದಿದ್ದರೆ ನಿಧಾನಿಸಬೇಕು. ಇಲ್ಲಿನ ಮೊದಲ ಕವಾಯತಿನಲ್ಲೇ ನಾನು ಹಾಗೆ ತಿರುಗಿ ನಿಂತೆ. ಹಿಂದಿನಿಂದ ಬಂದ ದೊಡ್ಡ ಡ್ರಮ್ಮು ನನ್ನ ಮೇಲೇರಿತು.

ಮನೆಗೆ ಬಂದು ಇದನ್ನು ತಮಾಷೆಯಾಗಿ ಹೇಳಿದೆ. ಅಕ್ಕ ನಗಲಿಲ್ಲ. ನಮ್ಮ ಮನೆಮಾತು ಕೊಂಕಣಿಯಾದರೂ ಅವಳು ನನ್ನನ್ನು ಬೈಯುವುದು ಕನ್ನಡದಲ್ಲೇ.

“ಹಿಂದೆ ತಿರುಗಿ ನೋಡದೆ ಹೋಗುದನ್ನು ನಿಂಗೆ ಬೇರೆ ಹೇಳಿಕೊಡ್ಬೇಕಾ ಮಾರಾಯ? ಪ್ರತಿ ಮಂಗಳವಾರ ಮನೆಯಿಂದ ಹಾಗೆಯೇ ಅಲ್ವ ಹೋಗುದು?”

ವಿಷಯ ಇಷ್ಟು. ಕೆಂಟನ್ನಿನ ಫ್ಲ್ಯಾಟಿನಲ್ಲಿ ನಾವು ಮೂವರು: ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅಕ್ಕ, ನಾನು, ಮತ್ತು ಪಾರ್ಶ್ವವಾಯು ಬಡಿದು ಎಡಭಾಗ ಸೋತ ಅಮ್ಮ. ಅಮ್ಮನನ್ನು ಒಂಟಿಯಾಗಿ ಬಿಡುವಂತಿಲ್ಲ. ಅಕ್ಕನಿಗಿದ್ದ ಒಂದೇ ಹುಚ್ಚು ಚರ್ಚಿನ ಹಾಡಿನ ಗುಂಪು. ಅದರ ಅಭ್ಯಾಸವೂ ಮಂಗಳವಾರವೇ. “ವಾರ ಬಿಟ್ಟು ವಾರ ನೀನು ನಿಲ್ತೀಯಾ?” ಎಂದು ಅವಳು ಕೇಳಿದಾಗ ನಾನು ಎದೆಯುಬ್ಬಿಸಿ, “ಸೈನ್ಯ ಅಕ್ಕ, ರಜೆ ಗಿಜೆ ಇಲ್ಲ” ಎಂದಿದ್ದೆ. ಅವಳು ಹಾಡು ಬಿಟ್ಟಳು.

ಗೋದಾಮಿನಲ್ಲಿ ಯಾರೂ ಹೆಸರು ಹಿಡಿದು ಕರೆಯದ ನನಗೆ, ಕೆಂಪು ಕೋಟು ತೊಟ್ಟು ಬೀದಿಯಲ್ಲಿ ನಡೆದರೆ ಜನ ಚಪ್ಪಾಳೆ ತಟ್ಟುತ್ತಿದ್ದರು. ಅದನ್ನು ಬಿಡುವ ಮನಸ್ಸಾಗಲಿಲ್ಲ, ಅಷ್ಟೆ.

ಸೈನ್ಯದ ವಾದ್ಯಗಾರರಿಗೆ ಇನ್ನೊಂದು ಕೆಲಸವಿದೆ, ಗೊತ್ತೇ? ಯುದ್ಧ ಬಂದರೆ ವಾದ್ಯ ಕೆಳಗಿಟ್ಟು ಗಾಯಾಳುಗಳನ್ನು ಹೊರಬೇಕು. ಹಳೆಯ ಪದ್ಧತಿ. ನಮ್ಮ ಸಂಗೀತ ಕೇಳಿದವರಿಗೆ ಶುಶ್ರೂಷೆಯನ್ನೂ ನಾವೇ ಮಾಡಬೇಕು ಎಂಬ ನ್ಯಾಯವಿರಬಹುದು. ಹೀಗಾಗಿ ಶನಿವಾರಗಳಂದು ನಾನು ಮಂಡಿ ಮಡಿಸಿ, ಬೆನ್ನು ನೆಟ್ಟಗಿಟ್ಟು, ದಢೂತಿ ಕ್ಲಾರಿನೆಟ್ ವಾದಕನೊಬ್ಬನನ್ನು ಎತ್ತುವುದನ್ನು ಶ್ರದ್ಧೆಯಿಂದ ಕಲಿತೆ. ಶಹಬ್ಬಾಸ್ ಅನ್ನಿಸಿಕೊಂಡೆ. ಅದೇ ಹೊತ್ತಿಗೆ ಅಕ್ಕ ಅಮ್ಮನನ್ನು ಒಬ್ಬಳೇ ಎತ್ತುತ್ತಿದ್ದಳು. ಅವಳ ಸೊಂಟಕ್ಕೆ ಹಚ್ಚಿದ ಮುಲಾಮಿನ ವಾಸನೆ ಮನೆ ತುಂಬ ಇರುತ್ತಿತ್ತು. ಆ ವಾಸನೆಯಲ್ಲೇ ಕುಳಿತು ನಾನು ಬೂಟಿಗೆ ಪಾಲಿಶ್ ಹಾಕುತ್ತಿದ್ದೆ.

ಒಂದು ಭಾನುವಾರ ನಮ್ಮ ಬ್ಯಾಂಡ್ ಮಾಸ್ಟರ್ ಫೋನ್ ಮಾಡಿದರು, ಎತ್ತಿಕೊಂಡದ್ದು ಅಕ್ಕ. ಒಳ್ಳೆಯ ಮನುಷ್ಯ, ಅಮ್ಮನ ಆರೋಗ್ಯ ವಿಚಾರಿಸಿದರಂತೆ. ಮಂಗಳವಾರ ಬೇಕಾದಾಗ ರಜೆ ತೆಗೆದುಕೋ ಎಂದು ಎಷ್ಟು ಸಲ ಹೇಳಿದರೂ ನಿಮ್ಮ ತಮ್ಮ ಕೇಳುವುದಿಲ್ಲ, ಅಂಥ ನಿಷ್ಠೆ ಎಂದು ಹೊಗಳಿದರಂತೆ. ಹೊಗಳಿಕೆ ಕೇಳಿ ನೆಲ ಬಾಯ್ಬಿಡಬಾರದೇ ಎನ್ನಿಸಿದ್ದು ಅದೇ ಮೊದಲು.

ಅಕ್ಕ ಕೂಗಾಡಲಿಲ್ಲ. ಮಂಗಳವಾರ ನನಗಿಂತ ಮೊದಲೇ ಕೋಟು ಹಾಕಿ ಬಾಗಿಲಲ್ಲಿ ನಿಂತು, “ಗಂಜಿ ಒಲೆಯ ಮೇಲೆ ಉಂಟು. ಅಮ್ಮನನ್ನು ಎತ್ತುವಾಗ ಎಡಗೈ ಜಾಗ್ರತೆ” ಎಂದು ಹೊರಟೇಹೋದಳು.

ನಾನು ಕಲಿತ ವಿದ್ಯೆಯಂತೆ ಮಂಡಿ ಮಡಿಸಿ, “ಒಂದು, ಎರಡು, ಮೂರು!” ಎಂದು ಗಟ್ಟಿಯಾಗಿ ಎಣಿಸಿ ಅಮ್ಮನನ್ನು ಎತ್ತಿದೆ.

“ಎಂತ ಬೊಬ್ಬೆ ಇದು? ನನ್ನನ್ನು ಯುದ್ಧಕ್ಕೆ ಕಳಿಸ್ತೀಯಾ?” ಎಂದರು ಅಮ್ಮ.

ಈಗ ಒಂದು ಮಂಗಳವಾರ ನನ್ನದು, ಮುಂದಿನದು ಅಕ್ಕನದು. ಆಗಸ್ಟ್ ಇಡೀ ಹಾಡಿನ ಗುಂಪಿಗೆ ರಜೆ ಎಂದು ಪಾದ್ರಿಗಳು ಭಾನುವಾರ ಚರ್ಚಿನ ಪೂಜೆಯ ನಂತರ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಆದರೂ ತನ್ನ ಮಂಗಳವಾರ ಬಂದಾಗ ಅಕ್ಕ ತುಟಿಗೆ ಬಣ್ಣ ಹಚ್ಚಿ, ಹಾಡಿನ ಪುಸ್ತಕ ಕಂಕುಳಲ್ಲಿಟ್ಟು ಹೊರಟಳು. ನಾನು ಬಾಯಿ ತೆರೆಯುವ ಮೊದಲೇ, “ದೇವರ ಕೆಲಸ ಮಾರಾಯ, ರಜೆ ಗಿಜೆ ಇಲ್ಲ” ಎಂದಳು.

ದೇವರ ಪದವಿ ರಾಣಿಯದಕ್ಕಿಂತ ಮೇಲಿನದು. ನಾನು ಬಾಗಿಲು ತೆರೆದು ಹಿಡಿದೆ.