ಹಾಡಹಗಲಲ್ಲಿ ಹೊರಬಂದವು

ನಾನು ನಿಂತಿದ್ದು ಕೊಲ್ಲಿ ನಾಡಿನ ರಾಸ್ ಅಲ್ ಖೋರ್‌ನಲ್ಲಿ, ಹಮೀದ್ ಕಾಕನ ಅಲಂಕಾರಿಕ ಮೀನಿನ ಅಂಗಡಿಯ ಹಿಂಕೋಣೆಯಲ್ಲಿ, ತಣ್ಣೀರಿನ ತೊಟ್ಟಿಯ ಎಡಕ್ಕೆ. ಕೆಲವು ವರ್ಷಗಳ ಹಿಂದಿನ ಒಂದು ಶುಕ್ರವಾರ. ಜುಮಾ ನಮಾಜು ಮುಗಿಸಿ ಕಾಕ ಆಗಷ್ಟೇ ಬಾಗಿಲು ತೆರೆದಿದ್ದರು. ಇವತ್ತು ಬೆಳಿಗ್ಗೆ ಸಿಂಕಿನಲ್ಲಿ ಒದ್ದೆ ಜರಡಿ ಮುಟ್ಟಿದ್ದೇ ಇದೆಲ್ಲ ನೆನಪಾಗಿ ಎರಡೆರಡು ಸಲ ಕೈ ತೊಳೆದುಕೊಂಡೆ. ಜರಡಿಯಲ್ಲಿದ್ದದ್ದು ಅಕ್ಕಿ. ನೀವು ನಗಬಹುದು, ಮನೆಯಲ್ಲೂ ನಗುತ್ತಾರೆ.

ಕಾಕನ ಹೆಮ್ಮೆ ಯೂರೋಪಿನ ಹೊಳೆಗಳ ಕ್ರೇಫಿಶ್. ದಪ್ಪ ಎಟ್ಟಿಗೆ, ಅಂದರೆ ಸಿಗಡಿಗೆ, ಏಡಿಯ ಇಕ್ಕುಳ ಅಂಟಿಸಿದಂಥ ಪ್ರಾಣಿ, ಹಗಲೆಲ್ಲ ಕಲ್ಲಿನಡಿ ಅಡಗಿರುತ್ತದೆ. ಒಂದು ಹೆಣ್ಣು ಬಾಲದಡಿ ಮೊಟ್ಟೆ ಹೊತ್ತಿತ್ತು. ಈ ಮರಳುಗಾಡಿನಲ್ಲಿ ಅದರ ಮರಿ ಕಾಣಬೇಕೆಂದು, ತಮ್ಮ ಕೋಣೆಯ ಎಸಿ ಕೆಟ್ಟಿದ್ದರೂ, ಅದರ ನೀರು ತಂಪಾಗಿಡಲು ಕಾಕ ಹೊಸ ಚಿಲ್ಲರ್ ಹಾಕಿಸಿದ್ದರು.

ಇಲ್ಲಿಂದ ಊರಿಗೆ ಹೊರಡುವವರು ಸೋಫಾ ಕೊಡುತ್ತಾರೆ, ಮಿಕ್ಸಿ ಕೊಡುತ್ತಾರೆ, ಸಾಕಿದ ಜೀವವನ್ನೂ ಕೊಡುತ್ತಾರೆ. ಹಾಗೆ ವೀಸಾ ಕ್ಯಾನ್ಸಲ್ ಆದ ಯಾರೋ ಒಂದು ಕೆಂಪು ಅಮೆರಿಕನ್ ಕ್ರೇಫಿಶ್ ಬಿಟ್ಟುಹೋದರು. ಹೊಟ್ಟೆಯ ಮೇಲೆ ಕಪ್ಪು ಚುಕ್ಕೆಗಳು, ಉಳಿದಂತೆ ಗಟ್ಟಿಮುಟ್ಟು. ಕಾಕ ಅದನ್ನು ಬೇರೆ ತೊಟ್ಟಿಯಲ್ಲೇ ಇಟ್ಟರು. ಹಿಡಿದೆತ್ತುವ ಬಲೆ ಮಾತ್ರ ಎರಡು ತೊಟ್ಟಿಗೂ ಒಂದೇ.

ಆ ಶುಕ್ರವಾರ ಹೊಳೆಯ ಕ್ರೇಫಿಶ್‌ಗಳೆಲ್ಲ ಹಾಡಹಗಲಲ್ಲಿ ಹೊರಬಂದು, ಕಾಲ್ತುದಿಯಲ್ಲಿ ಎತ್ತರವಾಗಿ ನಡೆಯುತ್ತಿದ್ದವು.

"ನೋಡು ಮಾರಾಯ, ಹೆದರಿಕೆ ಖಲಾಸ್! ನನ್ನ ಗುರ್ತ ಆಯ್ತು ಅವಕ್ಕೆ," ಎಂದರು ಕಾಕ. ನಾನು ವಿಡಿಯೊ ಮಾಡಿ ಮನೆಯ ಗ್ರೂಪಿಗೆ ಹಾಕಿದೆ. ಶೀರ್ಷಿಕೆಯನ್ನೂ ಕೊಟ್ಟೆ: 'ಧೈರ್ಯವಂತರು'.

ನನ್ನ ಜೊತೆ ಬಂದಿದ್ದ ಪಕ್ಕದ ಫ್ಲ್ಯಾಟಿನ ಲವೀನಾ ಪಶುವೈದ್ಯೆ. ಅವಳು ನಗಲಿಲ್ಲ.

"ಕಾಕ, ಇದು ಧೈರ್ಯ ಅಲ್ಲ. ಕಾಲಿನ ಹಿಡಿತ ತಪ್ಪಿದ್ದು. ಕೆಂಪಿನದ್ದರ ಬಲೆ ಇದಕ್ಕೂ ಹಾಕ್ತೀರಾ?"

"ಬಲೆ ಒಂದೇ ಉಂಟಲ್ಲ. ಎಂತ ಆಯ್ತು?"

ಕೆಂಪಿನದ್ದರ ಮೈಯಲ್ಲಿದ್ದ ಬೂಷ್ಟುರೋಗ ಒದ್ದೆ ಬಲೆಯಲ್ಲಿ ದಾಟಿದೆ ಎಂದಳು ಲವೀನಾ. ಅಮೆರಿಕದ್ದರ ಮೈಗೆ ಆ ಬೂಷ್ಟು ತಲೆತಲಾಂತರದ ಪರಿಚಯವಂತೆ. ಹೊಕ್ಕಲ್ಲೇ ಕಪ್ಪು ಗೋಡೆ ಕಟ್ಟಿ ಹಿಡಿದಿಡುತ್ತದೆ. ಆ ಚುಕ್ಕೆಗಳೇ ಗೋಡೆ. ಹೊಳೆಯವಕ್ಕೂ ಗೋಡೆ ಕಟ್ಟಲು ಬರುತ್ತದೆ, ಆದರೆ ತಡವಾಗಿ.

ಅವಳು ಹೇಳುತ್ತಿದ್ದಂತೆಯೇ ಒಂದು ಮಗುಚಿ ಬಿತ್ತು. ಮೊಟ್ಟೆಯ ಹೆಣ್ಣನ್ನು ಹೊಸ ನೀರಿಗೆ ಬಿಟ್ಟೆವು. ಸಂಜೆಯ ಹೊತ್ತಿಗೆ ಅದೂ ಮಗುಚಿತು. ಕಾಕ ಬೆರಳಿನಿಂದ ನೆಟ್ಟಗೆ ಮಾಡಿದರು. ಮತ್ತೆ ಮಗುಚಿತು. ಮತ್ತೆ ನೆಟ್ಟಗೆ ಮಾಡಿದರು.

"ಸಾಕು ಕಾಕ, ಬಿಡಿ," ಎಂದಳು ಲವೀನಾ.

ಕೆಂಪಿನದ್ದನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಕಾಕ ಕೈ ಒರೆಸಿಕೊಳ್ಳುತ್ತಲೇ ಇದ್ದರು. "ಅದಕ್ಕೆ ಎಂತ ಗೊತ್ತುಂಟು ಪಾಪ? ಇರ್ಲಿ."

ಯಾರಾದರೂ ಇದ್ದಕ್ಕಿದ್ದಂತೆ ಧೈರ್ಯವಂತರಾದರೆ ಈಗ ನನಗೆ ಖುಷಿಯಾಗುವುದಿಲ್ಲ; ಅವರ ಕಾಲು ನೋಡುತ್ತೇನೆ. ಅಂದು ಕಂಡದ್ದಕ್ಕೆ ಸಾಕ್ಷಿಗಳಿದ್ದಾರೆ. ಲವೀನಾ ಅಬುಧಾಬಿಯಲ್ಲಿದ್ದಾಳೆ. ಹಮೀದ್ ಕಾಕ ಅಂಗಡಿಯಲ್ಲೇ ಇದ್ದಾರೆ. ಅವರ ಕುರ್ಚಿಯ ಎದುರು, ಗಾಜಿನಾಚೆ, ಕೆಂಪಿನದ್ದೂ ಇದೆ.